ಆನಂದಮೈಡ್‌ನ ಆಯಸ್ಸು ಕಿಣ್ವದ ಕೈಯಲ್ಲಿ

ಆರೋಗ್ಯ ವಿಜ್ಞಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಂಜಾದಂತೆ ಕೆಲಸ ಮಾಡುವ ವಸ್ತು ನಮ್ಮ ಮೈಯಲ್ಲೇ ತಯಾರಾಗುತ್ತದಂತೆ. ಹಾಗಿದ್ದರೆ ನಮಗೆ ಸದಾ ಅಮಲು ಏರಿರಬೇಕಿತ್ತಲ್ಲವೇ?
ಪ್ರೌಢಶಾಲಾ ಶಿಕ್ಷಕಿ, ಹಾವೇರಿ

ಏರದಂತೆ ತಡೆಯುವುದೇ ಕಿಣ್ವಗಳ ಕೆಲಸ. ಈ ವಸ್ತುಗಳಲ್ಲಿ ಮುಖ್ಯವಾದವು ಎರಡು. 1992ರಲ್ಲಿ ಜೆರುಸಲೇಮಿನಲ್ಲಿ ರಾಫೆಲ್ ಮೆಕೌಲಮ್ ತಂಡ ಹಂದಿಯ ಮೆದುಳಿನಿಂದ ಬೇರ್ಪಡಿಸಿದ ಆನಂದಮೈಡ್ ಒಂದು. ಹೆಸರಿನಲ್ಲಿರುವುದು ಸಂಸ್ಕೃತದ ‘ಆನಂದ’ವೇ. 1995ರಲ್ಲಿ ಗೊತ್ತಾದ 2-ಎಜಿ ಇನ್ನೊಂದು. ಮೆದುಳಿನಲ್ಲಿ ಇದರ ಪ್ರಮಾಣವೇ ಬಹಳ ಹೆಚ್ಚು.

ಎರಡೂ ಕೊಬ್ಬಿನ ಜಾತಿಯವು. ನರಕೋಶಗಳ ನಡುವೆ ಸಂದೇಶ ಒಯ್ಯುವ ಬೇರೆ ವಸ್ತುಗಳಂತೆ (ನರವಾಹಕ) ಚೀಲದಲ್ಲಿ ತುಂಬಿಡಲು ಬರುವುದಿಲ್ಲ, ಪೊರೆಯ ಮೂಲಕವೇ ಸೋರಿಹೋಗುತ್ತವೆ. ಆದ್ದರಿಂದ ಬೇಕೆಂದಾಗ ಮಾಡಿ, ಕೆಲಸ ಮುಗಿದೊಡನೆ ಒಡೆಯಬೇಕು. ಎರಡು ನರಕೋಶಗಳು ಸಂಧಿಸುವ ಜಾಗವನ್ನು, ಅಂದರೆ ಒಂದು ನರಸಂಧಿಯನ್ನು, ಹತ್ತಿರದಿಂದ ನೋಡಿ. ಸಂದೇಶ ಪಡೆಯುವ ಕೋಶಕ್ಕೆ ಗ್ಲುಟಮೇಟ್ ಎಂಬ ಪ್ರಚೋದಕ ನರವಾಹಕ ಜೋರಾಗಿ ಬಡಿದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಆಗ ಡಿಎಜಿ ಲೈಪೇಸ್ ಎಂಬ ಕಿಣ್ವ ಪೊರೆಯ ಕೊಬ್ಬಿನಿಂದ 2-ಎಜಿ ತಯಾರಿಸುತ್ತದೆ. ಅದು ಹಿಮ್ಮುಖವಾಗಿ ಹೋಗಿ, ಸಂದೇಶ ಕಳುಹಿಸುತ್ತಿದ್ದ ಕೋಶದ ಸಿಬಿ1 ರಿಸೆಪ್ಟರ್ (ಸಂದೇಶ ಹಿಡಿಯುವ ಗ್ರಾಹಕ) ಮೇಲೆ ಕೂರುತ್ತದೆ. ಅಲ್ಲಿನ ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ, ಗ್ಲುಟಮೇಟ್ ಸುರಿಯುವುದು ತಗ್ಗುತ್ತದೆ. ಅದೇ ತುದಿಯಲ್ಲಿ ಕಾದಿರುವ ‘ಮ್ಯಾಗಲ್’ ಕಿಣ್ವ 2-ಎಜಿಯನ್ನು ಒಡೆದು ಹಾಕುತ್ತದೆ. ಇಲಿಯ ಮೆದುಳಿನಲ್ಲಿ ಅಳೆದಾಗ 2-ಎಜಿ ಒಡೆಯುವ ಕೆಲಸದಲ್ಲಿ ಸುಮಾರು ಶೇ 85ರಷ್ಟು ಇದರದ್ದೇ. ಆನಂದಮೈಡನ್ನು ಒಡೆಯುವ ಕಿಣ್ವ ಬೇರೆ: ಫ್ಯಾಟಿ ಆಸಿಡ್ ಅಮೈಡ್ ಹೈಡ್ರೊಲೇಸ್, ಸಂಶೋಧಕರ ಬಾಯಲ್ಲಿ ‘ಫಾ’. ಇದು ಹೆಚ್ಚಾಗಿ ಸಂದೇಶ ಪಡೆಯುವ ಕೋಶದಲ್ಲಿರುತ್ತದೆ.

ಗಾಂಜಾದಲ್ಲಿ ಅಮಲು ತರುವ ವಸ್ತುವಾದ ಟಿಎಚ್‌ಸಿಯನ್ನು ಈ ಎರಡು ಕಿಣ್ವಗಳೂ ಒಡೆಯಲಾರವು. ಅದು ಯಕೃತ್ತಿನಲ್ಲಿ ನಿಧಾನವಾಗಿ ಕರಗುವವರೆಗೆ, ಬೇಕಾದಲ್ಲಿ ಬೇಡವಾದಲ್ಲಿ ಎನ್ನದೆ, ಗಂಟೆಗಟ್ಟಲೆ ಸಿಬಿ1 ಒತ್ತುತ್ತಲೇ ಇರುತ್ತದೆ. ಅಮಲು ಎಂದರೆ ಅದು.

ಹಾಗಾದರೆ ಫಾ ಕಿಣ್ವ ನಿಲ್ಲಿಸಿದರೆ ಆನಂದಮೈಡ್ ಹೆಚ್ಚಿ ನೋವು ಹೋಗಬೇಕಲ್ಲ? ಮಂಡಿನೋವಿಗೆ ಅಂಥ ಮಾತ್ರೆ ಬಂದಿದೆಯೇ?
ನಿವೃತ್ತ ನೌಕರರು, ತುಮಕೂರು

ಬಂದಿಲ್ಲ. ಆಸೆಗೆ ಕಾರಣವಂತೂ ಇತ್ತು. 2019ರಲ್ಲಿ ವರದಿಯಾದ ಸ್ಕಾಟ್ಲೆಂಡಿನ ಮಹಿಳೆಯೊಬ್ಬರಲ್ಲಿ ಫಾ ಜೀನಿನ ಪಕ್ಕದ ತುಣುಕೊಂದು ಅಳಿಸಿಹೋಗಿತ್ತು, ಕಿಣ್ವ ದುರ್ಬಲವಾಗಿತ್ತು, ರಕ್ತದಲ್ಲಿ ಆನಂದಮೈಡ್ ಹೆಚ್ಚಿತ್ತು. ಅವರಿಗೆ ನೋವೂ ಆತಂಕವೂ ಇಲ್ಲವೆನ್ನುವಷ್ಟು ಕಡಿಮೆ; ಮರೆವು ಮಾತ್ರ ಹೆಚ್ಚು. ಸುಟ್ಟ ವಾಸನೆ ಬಂದ ಮೇಲೆಯೇ ಚರ್ಮ ಸುಟ್ಟದ್ದು ಗೊತ್ತಾಗುತ್ತಿತ್ತು. ನೋವಿಲ್ಲದಿರುವುದು ಪೂರಾ ವರವಲ್ಲ.

ಮಾತ್ರೆಯ ಕಥೆ ಬೇರೆಯಾಯಿತು. ಮಂಡಿ ಸವೆತದ ರೋಗಿಗಳಿಗೆ ಫೈಜರ್‌ನ ಪಿಎಫ್-04457845 ದಿನಕ್ಕೆ 4 ಮಿ.ಗ್ರಾಂ. ಕೊಟ್ಟಾಗ ಫಾ ಚಟುವಟಿಕೆ ಶೇ 96ಕ್ಕಿಂತ ಹೆಚ್ಚು ನಿಂತಿತು, ಆನಂದಮೈಡ್ ಏರಿತು, ನೋವು ಮಾತ್ರ ಇಳಿಯಲಿಲ್ಲ. ಆನಂದಮೈಡ್ ಸಿಬಿ1 ಒಂದನ್ನೇ ಮುಟ್ಟುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೆಣಸಿನಕಾಯಿಯ ಖಾರ ತಾಕುವ ಟಿಆರ್‌ಪಿವಿ1 ರಿಸೆಪ್ಟರನ್ನೂ ಅದು ಕೆರಳಿಸುತ್ತದೆ, ಮತ್ತು ಕಾಕ್ಸ್-2 ಎಂಬ ಉರಿಯೂತದ ಕಿಣ್ವ ಅದನ್ನು ಬೇರೆ ದಾರಿಗೆ ಎಳೆಯಬಲ್ಲದು. ಒಂದು ಕಡೆ ಕಟ್ಟೆ ಕಟ್ಟಿದರೆ ನೀರು ಇನ್ನೊಂದು ಕಡೆ ನುಗ್ಗುತ್ತದೆ.

ಇನ್ನೊಂದು ಪ್ರಯೋಗ ದುರಂತವಾಯಿತು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಬಿಐಎ 10-2474 ಎಂಬ ಫಾ ತಡೆಕಾರಕವನ್ನು ದಿನಕ್ಕೆ 50 ಮಿ.ಗ್ರಾಂ.ನಂತೆ ಪಡೆದ ಆರು ಆರೋಗ್ಯವಂತ ಸ್ವಯಂಸೇವಕರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಫಾ ನಿಲ್ಲಿಸಲು ಅದಕ್ಕಿಂತ ಬಹಳ ಕಡಿಮೆ ಸಾಕಿತ್ತು. ಆ ಔಷಧ ಫಾ ಬಿಟ್ಟು ನರಕೋಶದ ಇತರ ಲೈಪೇಸ್‌ಗಳಿಗೂ ಅಂಟಿಕೊಳ್ಳುತ್ತಿತ್ತೆಂದು 2017ರಲ್ಲಿ ತಿಳಿಯಿತು. ಪಿಎಫ್ ಔಷಧಕ್ಕೆ ಆ ದೋಷ ಇರಲಿಲ್ಲ. ಆದ್ದರಿಂದ ಫಾ ತಡೆಯುವುದೇ ವಿಷ ಎಂದು ತೀರ್ಮಾನಿಸುವುದು ಸರಿಯಲ್ಲ; ಆ ಒಂದು ಅಣು ಕೆಟ್ಟದಿತ್ತು.

ಮ್ಯಾಗಲ್ ನಿಲ್ಲಿಸಿದರೆ ತೊಂದರೆ ಇನ್ನೊಂದು ಬಗೆಯದು. ಇಲಿಗಳಲ್ಲಿ ಅದನ್ನು ಸತತ ಪೂರ್ತಿ ತಡೆದಾಗ 2-ಎಜಿ ತುಂಬಿ ಸಿಬಿ1 ಸ್ಪಂದಿಸುವುದನ್ನೇ ಕಡಿಮೆ ಮಾಡಿತು, ನೋವು ತಗ್ಗಿಸುವ ಗುಣವೂ ಹೋಯಿತು.

ಪ್ಯಾರಾಸಿಟಮಾಲ್‌ಗೂ ಫಾ ಕಿಣ್ವಕ್ಕೂ ಸಂಬಂಧವಿದೆಯೇ?
ಔಷಧಾಲಯ ಸಹಾಯಕರು, ಸಿರಸಿ

ಇದೆ, ಬಹಳ ಸೊಗಸಾದದ್ದು. ಮಾತ್ರೆಯ ಸ್ವಲ್ಪ ಭಾಗ ಯಕೃತ್ತಿನಲ್ಲಿ ಪ್ಯಾರಾ-ಅಮೈನೊಫಿನಾಲ್ ಆಗಿ ಮೆದುಳು ಸೇರುತ್ತದೆ. ಅಲ್ಲಿ ಫಾ ಒಡೆಯುವ ಬದಲು ಕೂಡಿಸುತ್ತದೆ! ಅದನ್ನು ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಜತೆ ಸೇರಿಸಿ ಎಎಂ404 ಎಂಬ ವಸ್ತು ಮಾಡುತ್ತದೆ. ಫಾ ಇಲ್ಲದ ಇಲಿಗಳಲ್ಲಿ ಇದು ತಯಾರಾಗುವುದಿಲ್ಲವೆಂದು 2005ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು.

ಗಿರಾಕಿಗಳಿಗೆ ಹೇಳಬೇಕಾದ ಲೆಕ್ಕ: ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಮೇಲ್ಮಿತಿ 4 ಗ್ರಾಂ, ಅಂದರೆ 650ರ ಮಾತ್ರೆ ಆರೇ ಆರು. ನೆಗಡಿಯ ಮಾತ್ರೆಯಲ್ಲೂ ಇದೇ ಔಷಧ ಇರುತ್ತದೆ; ಅದನ್ನು ಕೂಡಿಸದೆ ನುಂಗುವುದರಿಂದಲೇ ಲೆಕ್ಕ ತಪ್ಪುತ್ತದೆ. ಕುಡಿಯುವವರು, ಊಟ ಬಿಟ್ಟವರು, ಯಕೃತ್ತಿನ ತೊಂದರೆಯವರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ಹೆಚ್ಚಾಗಿ ನುಂಗಿದ್ದರೆ ಮೊದಲ ದಿನ ಏನೂ ಕಾಣದೆಯೂ ಇರಬಹುದು. ಅದನ್ನು ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪ್ರತಿಮದ್ದು ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಸಿಕ್ಕರೆ ಫಲ ಅತ್ಯುತ್ತಮ.

ಓಡಿದ ಮೇಲಿನ ಹಿತ ಎಂಡಾರ್ಫಿನ್‌ನಿಂದಲೇ?
ವಿದ್ಯಾರ್ಥಿ, ಮಡಿಕೇರಿ

ಎಂಡಾರ್ಫಿನ್ ದೇಹವೇ ಮಾಡುವ ನೋವುಶಾಮಕ. ಆದರೆ ರಕ್ತದಲ್ಲಿರುವ ಅದು ಮೆದುಳಿನ ತಡೆಗೋಡೆಯನ್ನು ಸುಲಭವಾಗಿ ದಾಟದು. ಆನಂದಮೈಡ್ ಕೊಬ್ಬಾದ್ದರಿಂದ ದಾಟುತ್ತದೆ. ಅರ್ಧ ಗಂಟೆಯ ಮಧ್ಯಮ ವೇಗದ ಓಟದಿಂದ ರಕ್ತದಲ್ಲಿ ಅದು ಏರುವುದು ಕಂಡಿದೆ. ನಿಧಾನ ನಡಿಗೆಯಲ್ಲಿ ಅಷ್ಟಾಗಿ ಏರಲಿಲ್ಲ.

ಗಾಂಜಾ ಗಿಡದ ಅಮಲಿಲ್ಲದ ಅಂಶವಾದ ಸಿಬಿಡಿಯ ಎಣ್ಣೆ ಫಾ ತಡೆದು ಆನಂದಮೈಡ್ ಹೆಚ್ಚಿಸುತ್ತದೆ ಎನ್ನುತ್ತಾರೆ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ, ಕೊಡಬಹುದೇ?
ಗೃಹಿಣಿ, ಮೈಸೂರು

ವೈದ್ಯರಿಗೆ ಹೇಳದೆ ಖಂಡಿತ ಕೊಡಬೇಡಿ. ಸಿಬಿಡಿ ತಡೆದದ್ದು ಇಲಿಯ ಫಾ ಕಿಣ್ವವನ್ನು. ಮನುಷ್ಯರ ಫಾ ಮೇಲೆ ಪರೀಕ್ಷಿಸಿದಾಗ ಆ ಗುಣ ಕಾಣಲಿಲ್ಲ. ಆದರೆ ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ಅದು ಮನುಷ್ಯರಲ್ಲೂ ತಡೆಯುತ್ತದೆ. ವಾರ್ಫರಿನ್ ರಕ್ತದಲ್ಲೇ ಉಳಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂಬ ಅಳತೆ) ಏರಬಹುದು, ರಕ್ತಸ್ರಾವವಾಗಬಹುದು; ಒಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಅದರ ಗುರುತುಗಳು. ಈಗಾಗಲೇ ಕೊಟ್ಟಿದ್ದರೆ ಇಂದೇ ವೈದ್ಯರಿಗೆ ತಿಳಿಸಿ ಐಎನ್‌ಆರ್ ಪರೀಕ್ಷೆ ಮಾಡಿಸಿ. ವಾರ್ಫರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ.