ಅಗ್ಗದ ಸಂಕಲನದಲ್ಲಿ ವುಡಿ ಗಥ್ರಿ

ಪ್ರಶ್ನೆ: ಅಮೆರಿಕದ ಜಾನಪದ ಗಾಯಕ ವುಡಿ ಗಥ್ರಿಯವರ ಹಾಡುಗಳ ಎರಡು ಸಿ.ಡಿ.ಗಳ ಸಂಕಲನವೊಂದು ತೀರಾ ಕಡಿಮೆ ಬೆಲೆಗೆ ಸಿಕ್ಕಿದೆ. ಯಾವ ಹಾಡು ಎಲ್ಲಿ, ಯಾವಾಗ ಧ್ವನಿಮುದ್ರಣವಾಯಿತು ಎಂಬ ವಿವರ ಅದರಲ್ಲಿಲ್ಲ. ಇಂಥದ್ದರ ಗುಣಮಟ್ಟವನ್ನು ಅಳೆಯುವುದು ಹೇಗೆ?

ಉತ್ತರ: ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಅನುಮಾನಪಡಬೇಕಾಗಿಲ್ಲ. ಗಥ್ರಿಯವರು ತೀರಿಕೊಂಡದ್ದು 1967ರಲ್ಲಾದರೂ ಅವರ ಮುಖ್ಯ ಧ್ವನಿಮುದ್ರಣಗಳು 1940ರ ದಶಕದವು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷಗಳಿಗೆ ಸೀಮಿತವಾಗಿತ್ತು. 2013ರಲ್ಲಿ ಅದನ್ನು 70 ವರ್ಷಕ್ಕೆ ಏರಿಸಿದಾಗಲೂ ಆಗಲೇ ಅವಧಿ ಮುಗಿದಿದ್ದ ಮುದ್ರಣಗಳಿಗೆ ಅದು ಅನ್ವಯವಾಗಲಿಲ್ಲ. ಆದ್ದರಿಂದ ಅಲ್ಲಿನ ಕಂಪನಿಗಳು ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿರುವುದನ್ನು ಧಾರಾಳವಾಗಿ ಮರುಮುದ್ರಿಸುತ್ತವೆ.

ವಿವರಗಳನ್ನು ಕೊಡದಿರುವುದೇ, ನನ್ನ ದೃಷ್ಟಿಯಲ್ಲಿ, ನಿಜವಾದ ಲೋಪ. 1940ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜಾನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರು ಗಥ್ರಿಯವರನ್ನು ಮಾತನಾಡಿಸುತ್ತ ಹಾಡಿಸಿದರು; ಅದೇ ವರ್ಷ ವಿಕ್ಟರ್ ಕಂಪನಿ ಧೂಳುಬಿರುಗಾಳಿಗೆ ಸಿಕ್ಕಿ ವಲಸೆ ಹೋದ ರೈತರ ಕುರಿತ ಅವರ ಹಾಡುಗಳನ್ನು ಹೊರತಂದಿತು; 1944ರಲ್ಲಿ ಧ್ವನಿಮುದ್ರಣ ಕಂಪನಿಯೊಂದರ ಒಡೆಯ ಮೋಸಸ್ ಆಶ್ ಅವರಿಗಾಗಿ, ಹಲವು ಹಾಡುಗಳಲ್ಲಿ ಸಂಗೀತಗಾರ ಗೆಳೆಯರಾದ ಸಿಸ್ಕೋ ಹೂಸ್ಟನ್ ಮತ್ತು ಸನ್ನಿ ಟೆರಿ ಅವರ ಜೊತೆಗೂಡಿ, ಗಥ್ರಿ ಹಾಡುಗಳ ರಾಶಿಯನ್ನೇ ಹಾಡಿದರು. ಒಂಟಿ ದನಿಯ ಬಿಗಿಯಾದ ನಿರೂಪಣೆಗೂ ಗೆಳೆಯರ ಕೂಟದ ಸಲೀಸಾದ ಗಾಯನಕ್ಕೂ ಬಹಳ ಅಂತರವಿದೆ. ಇವೆಲ್ಲವನ್ನೂ ಹೆಸರಿಲ್ಲದೆ ಕಲೆಸಿ ಕೊಟ್ಟರೆ ಕೇಳುಗನಿಗೆ ಹಾಡು ಸಿಗುತ್ತದೆ, ಗಾಯಕ ಸಿಗುವುದಿಲ್ಲ.

ಸಂಕಲನಕಾರರ ಶ್ರದ್ಧೆಯನ್ನು ಪರೀಕ್ಷಿಸಲು ‘ಟಾಮ್ ಜೋಡ್’ ಹಾಡನ್ನು ಹುಡುಕಿ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಯ ಒಂದು ಬದಿಯಲ್ಲಿ ಮೂರು-ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲವಾದ್ದರಿಂದ ಈ ದೀರ್ಘ ಕಥನಗೀತೆಯನ್ನು ವಿಕ್ಟರ್ ಎರಡು ಭಾಗ ಮಾಡಿ ಎರಡು ಬದಿಗಳಲ್ಲಿ ಹಾಕಿತ್ತು. ನಿಮ್ಮ ಸಂಕಲನದಲ್ಲಿ ಆ ಎರಡು ಭಾಗಗಳು ಒಂದರ ಹಿಂದೊಂದು ಬರುತ್ತವೆಯೇ, ಅಥವಾ ಒಂದೇ ಭಾಗವಿದ್ದು ಕಥೆ ನಡುವಿನಲ್ಲೇ ನಿಂತುಹೋಗುತ್ತದೆಯೇ? ಎರಡನೆಯದಾದರೆ ಅದನ್ನು ಸಿದ್ಧಪಡಿಸಿದವರು ಹಾಡನ್ನು ಕೇಳಿಯೇ ಇಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಶಬ್ದದ ವಿಚಾರ. ಹಳೆಯ ತಟ್ಟೆಯ ಗರಗರ ಸದ್ದು ಇರುವುದು ದೋಷವಲ್ಲ. ಅದನ್ನು ಪೂರ್ತಿ ಅಳಿಸಹೊರಟದ್ದೇ ಹೆಚ್ಚು ಹಾನಿ ಮಾಡುತ್ತದೆ. ಸದ್ದಿನ ಜೊತೆಗೆ ‘ಸ’ಕಾರದ ಚೂಪು, ಗಿಟಾರ್ ತಂತಿಯ ಮೀಟು, ಹಾರ್ಮೋನಿಕಾದ ಉಸಿರು ಎಲ್ಲವೂ ಸವೆದು, ದನಿ ಕಂಬಳಿಯೊಳಗಿಂದ ಬಂದಂತೆ ಮಂಕಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಸಾಲಿನ ಕೊನೆಯ ವ್ಯಂಜನಗಳನ್ನು ಗಮನಿಸಿ. ದನಿ ಅಸಹಜವಾಗಿ ತೆಳ್ಳಗೆ, ಅವಸರದಲ್ಲಿದ್ದಂತೆ ಕೇಳಿದರೆ ತಟ್ಟೆಯನ್ನು ತಪ್ಪು ವೇಗದಲ್ಲಿ ನುಡಿಸಿರುವ ಸಾಧ್ಯತೆಯಿದೆ.

ಈ ಪರೀಕ್ಷೆಗಳಲ್ಲಿ ಗೆದ್ದರೆ ನಿಮ್ಮ ಸಂಕಲನವನ್ನು ಸಂತೋಷದಿಂದ ಕೇಳಿ. ಮೊದಲ ಪರಿಚಯಕ್ಕೆ ಅಷ್ಟು ಸಾಕು. ಮುಂದಕ್ಕೆ ಹೋಗಬೇಕೆನಿಸಿದಾಗ, ಆಶ್ ಅವರ ಸಂಗ್ರಹವನ್ನು ವಹಿಸಿಕೊಂಡ ಸ್ಮಿತ್ಸೋನಿಯನ್ ಫೋಕ್‌ವೇಸ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಟಿಪ್ಪಣಿಗಳೊಂದಿಗೆ ಹೊರತಂದ ನಾಲ್ಕು ಸಂಪುಟಗಳನ್ನು ಹುಡುಕಿ. ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಹಾಡಿನ, ಖಾಸಗಿ ಆಸ್ತಿಯ ಗೋಡೆಯನ್ನು ಪ್ರಶ್ನಿಸುವ ಚರಣವುಳ್ಳ ಮುದ್ರಣ ಕೇಳುಗರಿಗೆ ದೊರೆತದ್ದು 1997ರಲ್ಲಿ, ಅದರ ಮೊದಲ ಸಂಪುಟದಲ್ಲಿ.