ಮೆಚ್ಚುಗೆಗೂ ಮುನಿಸಿಗೂ ಒಂದೇ ಬೇರು

ಪ್ರಶ್ನೆ: ಹೊಸ ಉಪಕರಣಗಳ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಆಪಲ್ ಫೋನನ್ನು ಕೈಯಲ್ಲಿ ಹಿಡಿದಾಗ ಆಗುವ ಸಂತೋಷವು, ಅದರ ಬೆಲೆಯನ್ನೂ ಆ ಕಂಪನಿಯ ಕಟ್ಟುಪಾಡುಗಳನ್ನೂ ನೆನೆದೊಡನೆ ಸಿಟ್ಟಾಗುತ್ತದೆ. ಹಳೆಯ ಫೋನನ್ನು ಬಿಟ್ಟು ಹೊಸದನ್ನು ಕೊಳ್ಳಬಹುದೇ?
— ಉಪನ್ಯಾಸಕರೊಬ್ಬರು, ಕಲಬುರಗಿ

ಉತ್ತರ: ಯಂತ್ರ ಮತ್ತು ತಂತ್ರಾಂಶ ಎರಡನ್ನೂ ಆ ಕಂಪನಿ ತನ್ನ ಹಿಡಿತದಲ್ಲೇ ಇಟ್ಟುಕೊಂಡಿರುವುದು ನಿಮ್ಮ ಸಂತೋಷಕ್ಕೂ ಸಿಟ್ಟಿಗೂ ಕಾರಣ. 2015ರಲ್ಲಿ ಬಂದ ಐಫೋನ್ 6ಎಸ್‌ಗೆ 2021ರ ಐಓಎಸ್ 15 ಎಂಬ ಮೂಲ ತಂತ್ರಾಂಶ ಕೂಡ ದೊರೆತದ್ದು ಆ ಹಿಡಿತದ ಫಲ. ಅಂದಿನ ಆಂಡ್ರಾಯ್ಡ್ ಫೋನುಗಳಲ್ಲಿ ಅಷ್ಟು ದೀರ್ಘ ಆರೈಕೆ ಅಪರೂಪವಾಗಿತ್ತು. ಆದರೆ ಬ್ಯಾಟರಿ ಸವೆದ ಫೋನುಗಳ ವೇಗವನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸದೆ ತಗ್ಗಿಸಿದ್ದನ್ನು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡು, ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು ಇಳಿಸಬೇಕಾಗಿ ಬಂದದ್ದೂ ಇದೇ ಕಂಪನಿಗೆ. ಫೋನು ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದೆವು ಎಂಬ ಅದರ ಸಮಜಾಯಿಷಿಯಲ್ಲಿ ತಾಂತ್ರಿಕ ಹುರುಳಿದೆ. ಹೇಳದೆ ಮಾಡಿದ್ದನ್ನು ಮಾತ್ರ ನಾನು ಮೆಚ್ಚಲಾರೆ.

ನಿಮ್ಮ ಫೋನು ನಿಧಾನವಾಗಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಸ್ಥಿತಿಯನ್ನು ನೋಡಿ. ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರದ ಕಡೆ ಬಳಸಬೇಕೆಂದು ಕಂಪನಿಯೇ ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮೂರಿನಲ್ಲಿ ಅದು ಆಗದ ಮಾತು, ಹೀಗಾಗಿ ಬ್ಯಾಟರಿ ಬೇಗ ಸೊರಗುವುದು ಸಹಜ. ಅದರ ಗರಿಷ್ಠ ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಿ. ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಲ್ಲಿ ಅಗ್ಗದ ಬ್ಯಾಟರಿ ಹಾಕಿಸಿದರೆ, ಇತ್ತೀಚಿನ ಮಾದರಿಗಳಲ್ಲಿ ಬಿಡಿಭಾಗ ಅಸಲಿಯೆಂದು ಖಚಿತವಿಲ್ಲ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ತಂತ್ರಾಂಶದ ಹೊಸ ಆವೃತ್ತಿಗಳು ಇನ್ನೂ ಬರುತ್ತಿರುವವರೆಗೆ ಹೊಸ ಫೋನಿನ ಖರ್ಚು ನಿಮಗೆ ಬೇಡ.