ಸ್ಕ್ರೂ ಯಾವುದು ಎನ್ನುವುದಕ್ಕಿಂತ ತೂತು ಎಲ್ಲಿ ಎಂದು ಕೇಳಿ

ಜಮಖಂಡಿಯ ಓದುಗರೊಬ್ಬರ ಪತ್ರ: “ಮಗನಿಗೆ 19 ವರ್ಷ. ಕಬಡ್ಡಿಯಲ್ಲಿ ಮೊಣಕಾಲಿನ ಎಸಿಎಲ್ ಹರಿದಿದೆ. ತೊಡೆಯ ನರ ತೆಗೆದು ಹಾಕುತ್ತಾರಂತೆ, ಕಾಲು ಸೊರಗುವುದಿಲ್ಲವೇ? ವಿದೇಶಿ ಸ್ಕ್ರೂ ಹಾಕಿಸಬೇಕೇ?”

ಸಂಪಾದಕರ ಉತ್ತರ:

ಮಾನ್ಯರೇ, ಎಸಿಎಲ್ ಎಂದರೆ ಮೊಣಕಾಲಿನೊಳಗೆ ತೊಡೆಯೆಲುಬನ್ನೂ ಕೆಳಗಾಲಿನ ಎಲುಬನ್ನೂ ಬಿಗಿದು ಹಿಡಿಯುವ ಲಿಗಮೆಂಟ್, ಅಂದರೆ ಕಟ್ಟು. ಅದು ಹರಿದರೆ ಎರಡೂ ಎಲುಬಿನಲ್ಲಿ ತೂತು ಕೊರೆದು, ಹೊಸ ಲಿಗಮೆಂಟ್ ತೂರಿಸಿ, ಸ್ಕ್ರೂ ಹಾಕಿ ಬಿಗಿಯುತ್ತಾರೆ. ಸ್ಕ್ರೂ ಚೆನ್ನಾಗಿರಬೇಕು, ಒಪ್ಪಿದೆ. ಆದರೆ ಅದರ ಕೆಲಸ ಎರಡು ಮೂರು ತಿಂಗಳು, ಹೊಸ ಲಿಗಮೆಂಟ್ ಎಲುಬಿಗೆ ಅಂಟಿಕೊಳ್ಳುವವರೆಗೆ. ತೂತು ತಪ್ಪು ಜಾಗದಲ್ಲಿ ಬಿದ್ದರೆ ಆಟವಿರುವಷ್ಟು ದಿನ ಕಾಡುತ್ತದೆ.

ಹೊಸ ಲಿಗಮೆಂಟಿಗಾಗಿ ತೆಗೆಯುವುದು ನರವಲ್ಲ, ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಮೊಣಕಾಲಿನ ಕೆಳಗೆ ಒಳಬದಿಗೆ ಸುಮಾರು 3 ಸೆಂ.ಮೀ. ಕೊಯ್ದು ಸೆಮಿಟೆಂಡಿನೋಸಸ್, ಗ್ರಾಸಿಲಿಸ್ ಎಂಬ ಎರಡು ರಜ್ಜು ಬಿಡಿಸುತ್ತಾರೆ. ಮೊದಲನೆಯದರಿಂದ ಮೀನಖಂಡದ ಕಡೆಗೆ ಅಡ್ಡಪಟ್ಟಿಗಳು ಹೋಗಿರುತ್ತವೆ. ಬೆರಳಿನಿಂದ ತಡವಿ ಅವನ್ನು ಕತ್ತರಿಸದೆ ಸ್ಟ್ರಿಪ್ಪರ್ (ರಜ್ಜನ್ನು ಸ್ನಾಯುವಿನಿಂದ ಬಿಡಿಸುವ ಉಪಕರಣ) ನೂಕಿದರೆ ದಾರಿ ತಪ್ಪಿ ರಜ್ಜು ನಡುವೆಯೇ ತುಂಡಾಗುತ್ತದೆ. ಎರಡನ್ನೂ ಮಡಚಿ ನಾಲ್ಕೆಳೆ ಮಾಡಿ, ತುದಿ ಹೊಲಿದು, ಅಳತೆಯ ಕೊಳವೆಯಲ್ಲಿ ತೂರಿಸಿ ದಪ್ಪ ನೋಡುತ್ತಾರೆ. 8 ಮಿ.ಮೀ.ಗಿಂತ ತೆಳುವಾದರೆ ಎಳೆ ವಯಸ್ಸಿನವರಲ್ಲಿ ಮತ್ತೆ ಹರಿಯುವ ಸಂಭವ ಹೆಚ್ಚು. ಆಗ ಇನ್ನೂ ಒಂದು ಮಡಿಕೆ ಬೇಕು. ಕಾಲು ಸೊರಗುವುದು ಮುಖ್ಯವಾಗಿ ತೊಡೆಯ ಮುಂಭಾಗದಲ್ಲಿ, ಬಾವಿನಿಂದ ಮತ್ತು ವ್ಯಾಯಾಮವಿಲ್ಲದೆ.

ಮಂಡಿಚಿಪ್ಪಿನ ಕೆಳಗಿನ ರಜ್ಜಿನಿಂದ 10 ಮಿ.ಮೀ. ಪಟ್ಟಿಯನ್ನು ಎಲುಬಿನ ತುಣುಕು ಸಮೇತ ತೆಗೆಯುವ ಪದ್ಧತಿಯೂ ಇದೆ. ಎಲುಬಿಗೆ ಎಲುಬು ಬೇಗ ಕೂಡುತ್ತದೆ, ಆದರೆ ಮಂಡಿಯೂರಿದಾಗ ನೋವು ಉಳಿಯಬಹುದು. ಮುಧೋಳದ ಗರಡಿ ಹುಡುಗನಿಗೆ, ನಮಾಜು ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಈಗ ತೂತಿನ ವಿಷಯ. ಹಿಂದೆ ಕೆಳಗಾಲಿನ ಎಲುಬಿನಲ್ಲಿ ಕೊರೆದ ಸುರಂಗದ ಮೂಲಕವೇ ತೊಡೆಯೆಲುಬಿಗೂ ಡ್ರಿಲ್ ಹಾಕುತ್ತಿದ್ದರು. ಹಾಗೆ ಮಾಡಿದಾಗ ಲಿಗಮೆಂಟ್ ಹೆಚ್ಚಾಗಿ ನೆಟ್ಟಗೆ ನಿಲ್ಲುತ್ತಿತ್ತು. ಮಂಚದ ಮೇಲೆ ಪರೀಕ್ಷಿಸಿದರೆ ಕಾಲು ಮುಂದೆ ಜಾರದು, ಎಲ್ಲ ಸರಿ. ರೈಡರ್ ಪಾದ ಊರಿ ತಿರುಗಿದ ಕ್ಷಣ ಮಂಡಿ ಹೊರಳುತ್ತದೆ. ಹುಟ್ಟಿನಿಂದ ಬಂದ ಲಿಗಮೆಂಟಿನ ಬುಡ ಇನ್ನೂ ಕೆಳಗೆ, ಹಿಂದೆ ಇರುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಮೂಳೆ ಶಸ್ತ್ರವೈದ್ಯ ಫ್ರೆಡ್ಡಿ ಫು ವರ್ಷಗಟ್ಟಲೆ ಹೇಳುತ್ತ ಬಂದದ್ದು ಇದನ್ನೇ: ಮೂಲ ಜಾಗದಲ್ಲೇ ಕೂರಿಸಿ. ಅದಕ್ಕೆ ಒಳಬದಿಯ ಬೇರೆ ರಂಧ್ರದಿಂದ, ಮೊಣಕಾಲನ್ನು ಸುಮಾರು 120 ಡಿಗ್ರಿ ಬಗ್ಗಿಸಿ ಕೊರೆಯಬೇಕು. ಬಾಗು ಕಡಿಮೆಯಾದರೆ ಸುರಂಗ ಗಿಡ್ಡವಾಗುತ್ತದೆ, ಹಿಂಗೋಡೆ ಒಡೆಯಲೂಬಹುದು.

ನಮ್ಮ ದೂರು ಇನ್ನೊಂದಿದೆ. ಸಾಲ ಮಾಡಿ ಆಪರೇಷನ್ ಮಾಡಿಸುವ ಮನೆಯವರು ಫಿಸಿಯೋಥೆರಪಿಗೆ ಬಸ್ ಚಾರ್ಜು ಲೆಕ್ಕ ಹಾಕುತ್ತಾರೆ. ಹೊಸ ಲಿಗಮೆಂಟ್ ಅತಿ ದುರ್ಬಲವಾಗಿರುವುದು 6ರಿಂದ 12ನೇ ವಾರದಲ್ಲಿ, ಸರಿಯಾಗಿ ನೋವು ಮಾಯವಾಗಿ ಹುಡುಗ ಓಡಾಡುವ ಹೊತ್ತಿಗೆ. ನಾಲ್ಕೇ ತಿಂಗಳಿಗೆ ಜಾತ್ರೆಯ ಪಂದ್ಯಕ್ಕೆ ಅವನನ್ನು ಎಳೆದೊಯ್ಯುವ ತಂಡದವರಿಗೆ ಏನೆನ್ನೋಣ? ಕನಿಷ್ಠ 9 ತಿಂಗಳಾಗಬೇಕು, ತೊಡೆಯ ಬಲ ಇನ್ನೊಂದು ಕಾಲಿನ ಶೇ. 90 ದಾಟಿರಬೇಕು. ಮೆನಿಸ್ಕಸ್ (ಮೊಣಕಾಲಿನ ಎಲುಬುಗಳ ನಡುವಿನ ಮೆತ್ತೆ) ಕೂಡ ಹರಿದು ಹೊಲಿದಿದ್ದರೆ ಡಾಕ್ಟರು ಹೇಳುವವರೆಗೆ ಕುಕ್ಕರಗಾಲಿನಲ್ಲಿ ಕೂರಿಸಬೇಡಿ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಸ್ಕ್ರೂವಿನ ಸ್ಟಿಕರ್ ಇರುತ್ತದೆ, ರಜ್ಜಿನ ದಪ್ಪ ಎಷ್ಟೋ ಸಲ ಇರುವುದಿಲ್ಲ. ಅದನ್ನು ಬರೆಸಿಕೊಳ್ಳಿ, ಆಪರೇಷನ್ ನಂತರದ ಎಕ್ಸ್‌ರೇ ಕೂಡ ಕೇಳಿ ಇಟ್ಟುಕೊಳ್ಳಿ.